ಒಣ ಶೆಟ್ಲಿಯ ಡಬ್ಬ

ಹಳದೀಪುರದ ನಮ್ಮ ಮನೆಯಲ್ಲಿ ಮಳೆಗಾಲವೆಂದರೆ ಒಣ ಶೆಟ್ಲಿಯ ಕಾಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ; ಬೇಸಿಗೆಯಲ್ಲಿ ಕಾಸರಕೋಡ ಟೊಂಕದ ಮರಳಿನ ಮೇಲೆ ಹೆಂಗಸರು ಒಣಗಿಸಿಟ್ಟದ್ದೇ ಆಗ ಗತಿ. ಆಯಿ ಶೆಟ್ಲಿ ಹುರಿದು, ತೆಂಗಿನಕಾಯಿ, ಒಣಮೆಣಸು, ಹುಣಸೆಹಣ್ಣು ಸೇರಿಸಿ ಚಟ್ನಿ ಮಾಡುತ್ತಿದ್ದಳು. ಗಂಜಿಗೆ ಅದೊಂದಿದ್ದರೆ ಸಾಕು.

ಮದುವೆಯಾಗಿ ಬೆಂಗಳೂರಿಗೆ ಬಂದವಳು ಆಯಿ ಕೊಟ್ಟ ಡಬ್ಬ ತೆರೆದ ದಿನವೇ ಮನೆಯೊಡತಿ ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದರು. ಮನೆ ಬಿಡಬೇಕಾದೀತೆಂಬ ಹೆದರಿಕೆಗೆ ಅಷ್ಟನ್ನೂ ಚೆಲ್ಲಿಬಿಟ್ಟೆ. ಆಯಿ ಕೇಳಿದಾಗ, "ತಿಂದು ಮುಗಿಸಿದೆವು" ಎಂದೆ. ಪಾಪ, ಮರುವರ್ಷ ಎರಡರಷ್ಟು ಕಳಿಸಿದಳು!

ಈಗ ಅದೇ ಚಟ್ನಿ ಅಂಗಡಿಯಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಮಗಳು ಬ್ರೆಡ್ಡಿನ ನಡುವೆ ಉದುರಿಸಿಕೊಂಡು ತಿನ್ನುತ್ತಾಳೆ, ನಾಚಿಕೆಯಿಲ್ಲದೆ. ಆಯಿ ಈಗಿಲ್ಲ. ಆ ಡಬ್ಬದ ನಿಜ ಆಕೆಗೆ ಹೇಳುವುದು ಉಳಿದೇಹೋಯಿತು.