ಬೆಕ್ಕಿಗೆ ಆಟ

‘ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಇಲಿಯ ಸ್ಥಾನದಲ್ಲಿ ನನ್ನದೇ ಕೈ ನಿಂತಾಗ ಮಾತ್ರ ಅದರ ಪೂರ್ಣಾರ್ಥ ಹೊಳೆಯಿತು.

ಮಳೆಯಲ್ಲಿ ತೊಯ್ದು, ಹಿತ್ತಿಲಲ್ಲಿ ಒಂಟಿಯಾಗಿ ಕೂಗುತ್ತಿದ್ದ ಮರಿ ನಮ್ಮ ಕರಿಯ. ಆಗ ಅವನಿಗೆ ಒಂದು ತಿಂಗಳು ತುಂಬಿತ್ತೋ ಇಲ್ಲವೋ! ನಾನು ಉತ್ತರಪತ್ರಿಕೆ ತಿದ್ದುತ್ತ ಎಡಗೈಯ ಬೆರಳುಗಳನ್ನು ಕುಣಿಸುವುದು, ಅವನು ಹಾರಿ ಕಚ್ಚುವುದು, ಮನೆಮಂದಿಯೆಲ್ಲ ನಗುವುದು ನಿತ್ಯದ ವಿನೋದವಾಯಿತು. ಹಾಲುಹಲ್ಲು ಉದುರಿ ಕೋರೆ ಮೂಡಿದಾಗ ನಮ್ಮ ನಗು ನಿಂತಿತು. ಕರಿಯನ ಆಟ ನಿಲ್ಲಲಿಲ್ಲ.

ಒಂದು ಸಂಜೆ 6 ವರ್ಷದ ಮಗಳ ಅಂಗೈಯಲ್ಲಿ ರಕ್ತ ಕಂಡಿತು. ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರಲ್ಲಿಗೆ ಧಾವಿಸಿದೆವು. ರೇಬೀಸ್ ತಡೆಯುವ ಚುಚ್ಚುಮದ್ದೂ ಆಯಿತು. ಮರಳಿ ಬಂದವನೇ ಕೋಪದಲ್ಲಿ ಕರಿಯನಿಗೆ ಬಲವಾಗಿ ಒಂದು ಏಟು ಕೊಟ್ಟೆ. ಅವನು ಮಂಚದ ಕೆಳಗೆ ಸೇರಿದ. ಮರುದಿನ ತಟ್ಟೆಯಿಡಲು ಕೈ ಚಾಚಿದರೆ ಕಿವಿಗಳನ್ನು ಹಿಂದಕ್ಕೆ ಮಡಿಸಿ ಗುರ್ರೆಂದ.

“ಎಲ್ಲಿಯಾದರೂ ದೂರ ಬಿಟ್ಟುಬನ್ನಿ” ಎಂದಳು ನನ್ನಾಕೆ. ಮಗಳು ಪಟ್ಟಿ ಕಟ್ಟಿದ ಕೈಯನ್ನು ಬೆನ್ನ ಹಿಂದೆ ಅಡಗಿಸಿ, “ನನಗೆ ನೋವೇ ಇಲ್ಲ ಅಪ್ಪಾ” ಎಂದಳು.

ಪರಿಚಿತರಾದ ಪಶುವೈದ್ಯರೊಬ್ಬರು ಎಲ್ಲವನ್ನೂ ಕೇಳಿ ನಕ್ಕರು: “ತಪ್ಪು ಶಿಷ್ಯನದಲ್ಲ ಮೇಷ್ಟ್ರೇ, ಗುರುವಿನದು!” ಮರಿಗಳು ಒಡಹುಟ್ಟಿದವುಗಳೊಡನೆ ಕಾದಾಡುತ್ತಲೇ ಹಲ್ಲನ್ನು ಎಷ್ಟು ಊರಬೇಕೆಂಬುದನ್ನು ಕಲಿಯುತ್ತವೆಯಂತೆ. ಬಲವಾಗಿ ಕಚ್ಚಿದರೆ ಜೊತೆಗಾರ ಆಟ ಬಿಟ್ಟು ಹೋಗುತ್ತಾನೆ, ಅದೇ ಶಿಕ್ಷೆ. ಒಂಟಿಮರಿಗೆ ಆ ಪಾಠ ತಪ್ಪಿತ್ತು. ಕೈಯೇ ಬೇಟೆಯೆಂಬ ಪಾಠವನ್ನು ನಾನು ಹೇಳಿಕೊಟ್ಟಿದ್ದೆ.

ಅಂದಿನಿಂದ ಕೈಗಳು ಆಟದಿಂದ ನಿವೃತ್ತವಾದವು. ಕೋಲಿನ ತುದಿಗೆ ಬಟ್ಟೆಯ ಚೂರು ಕಟ್ಟಿ, ಅವನ ಊಟಕ್ಕೆ ಮುನ್ನ 10 ನಿಮಿಷ ಆಡಿಸುವುದು. ಬಾಲ ಬಡಿಯತೊಡಗಿದರೆ ನಿಲ್ಲಿಸುವುದು. ಹಲ್ಲು ತಾಕಿದರೆ ಕೈಯನ್ನು ಸೆಳೆದುಕೊಳ್ಳಬಾರದು, ಓಡುವುದನ್ನು ಹಿಡಿಯುವುದು ಬೆಕ್ಕಿನ ಧರ್ಮ. ಅಲುಗದೆ ಇದ್ದು, ಅವನು ಬಿಟ್ಟೊಡನೆ ಎದ್ದುಹೋಗಬೇಕು. ಹೊಡೆತವಿಲ್ಲ, ಗದರಿಕೆಯಿಲ್ಲ. ನಿಯಮ ಮನೆಮಂದಿಗೆಲ್ಲ ಒಂದೇ. ಅದನ್ನು ಮೊದಲು ಮುರಿದವನೂ ನಾನೇ! ಉತ್ತರಪತ್ರಿಕೆಯ ನಡುವೆ ಬೆರಳುಗಳು ತಾವಾಗಿ ಕುಣಿದಾಗ ಮಗಳು “ಅಪ್ಪಾ, ಕೈ!” ಎಂದು ಎಚ್ಚರಿಸಿದಳು.

ಎರಡು ತಿಂಗಳಲ್ಲಿ ಕಚ್ಚುವುದು ನಿಂತಿತು. ಕರಿಯನನ್ನು ಬಿಟ್ಟುಬರುವ ಮಾತನ್ನು ಈಗ ಯಾರೂ ಎತ್ತುವುದಿಲ್ಲ. ಆದರೆ ತಲೆ ಸವರಲು ನಾನು ಕೈಯೆತ್ತಿದರೆ ಅವನು ಇಂದಿಗೂ ಕ್ಷಣಕಾಲ ಕಣ್ಣು ಮುಚ್ಚಿ ಕುಗ್ಗುತ್ತಾನೆ. ಏಟಲ್ಲವೆಂದು ತಿಳಿದ ಮೇಲೆಯೇ ತಲೆಯನ್ನು ಅಂಗೈಗೆ ಒತ್ತುತ್ತಾನೆ. ಮಗಳ ಕೈಯಲ್ಲಿ ಅವನು ಮಾಡಿದ ಗಾಯ ಎಂದೋ ಮಾಸಿತು. ನಾನು ಕೊಟ್ಟ ಆ ಒಂದು ಏಟು ಇನ್ನೂ ಮಾಸಿಲ್ಲ.