ಉತ್ಸವ ಉದ್ಯಾನಕ್ಕೆ ತಕ್ಕ ಹೊತ್ತು

ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ, ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿ ಉತ್ಸವ ರಾಕ್ ಗಾರ್ಡನ್ ಇದೆ. ಕಲಾವಿದ ದಿವಂಗತ ಡಾ. ಟಿ. ಬಿ. ಸೊಲಬಕ್ಕನವರ ಕಲ್ಪನೆಯ ಈ ಉದ್ಯಾನದಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬದುಕು ಆಳೆತ್ತರದ ಶಿಲ್ಪಗಳಾಗಿ ಮೈದಳೆದಿದೆ. ಬೀಸುವ ಹೆಣ್ಣುಮಕ್ಕಳು, ಉಳುವ ರೈತ, ಕಮ್ಮಾರ, ಎಲ್ಲರೂ ತಂತಮ್ಮ ಕಾಯಕದಲ್ಲಿ ನಿರತರು.

ಭಾನುವಾರ ಹಾಗೂ ಡಿಸೆಂಬರ್–ಜನವರಿಯ ಶಾಲಾ ಪ್ರವಾಸದ ದಿನಗಳಲ್ಲಿ ಜನಸಂದಣಿ ಹೆಚ್ಚು. ಹಿಂದಿನವರು ನೂಕುವಾಗ ನಿಂತು ನೋಡುವುದೆಂತು? ಮಕ್ಕಳಿಗೆ ರಜೆಯಿರುವ ವಾರದ ನಡುವಿನ ದಿನವನ್ನಾಯ್ದು, ಬಾಗಿಲು ತೆರೆದೊಡನೆ ಪ್ರವೇಶಿಸುವುದು ಲೇಸೆಂದು ನಾವು ಬಲ್ಲೆವು. ಬಿಸಿಲೇರುವ ಮುನ್ನ ವೃದ್ಧರ ನಡಿಗೆಗೂ ಹಿತ. ಬೀಸುವ ಕಲ್ಲಿನೆದುರು ಅಜ್ಜಿ ನಿಂತು ತಾನು ಬೀಸಿದ ದಿನಗಳನ್ನು ಹೇಳಬಲ್ಲಳು. ಮೊಮ್ಮಗಳು ಮರುಪ್ರಶ್ನೆ ಕೇಳಬಲ್ಲಳು. ಶಿಲ್ಪಗಳು ನಾಳೆಯೂ ಇದ್ದಾವು. ಆ ಕಾಯಕವನ್ನು ಕೈಯಾರೆ ಮಾಡಿದವರ ಮಾತು ಕೇಳುವ ಕಾಲ ಮಾತ್ರ ಕಿರಿದು.