ಜೀನ್ ವುಲ್ಫ್: ನೆನಪನ್ನು ಪರೀಕ್ಷಿಸಿದ ಕಾದಂಬರಿಕಾರ

ತಾನು ಯಾವುದನ್ನೂ ಮರೆಯಲಾರೆ ಎಂದು ಹೇಳಿಕೊಳ್ಳುವ ನಿರೂಪಕನೊಬ್ಬನನ್ನು ಸೃಷ್ಟಿಸಿ, ಅವನಿಂದ ನಾಲ್ಕು ಸಂಪುಟಗಳ ಆತ್ಮಕಥೆಯನ್ನು ಹೇಳಿಸಿ, ಕೊನೆಗೆ ಓದುಗನು ಆ ಕಥೆಯನ್ನೆಲ್ಲ ಸಂಶಯದಿಂದ ಮರಳಿ ಓದುವಂತೆ ಮಾಡಿದವರು ಅಮೆರಿಕದ ಜೀನ್ ವುಲ್ಫ್. ಐಸಾಕ್ ಅಸಿಮೋವ್, ಆರ್ಥರ್ ಕ್ಲಾರ್ಕ್ ಅವರ ಹೆಸರುಗಳಷ್ಟು ಈ ಹೆಸರು ನಮ್ಮಲ್ಲಿ ಕೇಳಿಬರುವುದಿಲ್ಲ. ವಿಜ್ಞಾನ ಕಥೆಯೂ ಅದ್ಭುತ ಕಥೆಯೂ ಒಂದರೊಳಗೊಂದು ಬೆರೆತಿರುವ ಸೈನ್ಸ್ ಫ್ಯಾಂಟಸಿ ಎಂಬ ಪ್ರಕಾರಕ್ಕೆ ಅವರ ಸೌರಮಾಲಿಕೆಯಷ್ಟು ಗಂಭೀರವಾದ ಉದಾಹರಣೆ ವಿರಳ. ಅದು ಹನ್ನೆರಡು ಕಾದಂಬರಿಗಳ ಮಾಲಿಕೆ. ಆದರೂ ಅದರ ವಿಷಯ ಸೂರ್ಯನೋ ನಕ್ಷತ್ರಯಾನವೋ ಅಲ್ಲ. ಒಬ್ಬನು ತನ್ನ ಬದುಕನ್ನು ನೆನೆದು ಹೇಳುವಾಗ ಎಷ್ಟರಮಟ್ಟಿಗೆ ಸತ್ಯವಂತನಾಗಿರಬಲ್ಲನು ಎಂಬುದೇ ಅದರ ವಿಷಯ.

ವುಲ್ಫ್ ಹುಟ್ಟಿದ್ದು 1931ರ ಮೇ 7ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಬಾಲ್ಯದಲ್ಲಿ ಪೋಲಿಯೊ ಬಾಧಿಸಿತ್ತು. ಟೆಕ್ಸಾಸ್‌ನಲ್ಲಿ ಕಾಲೇಜು ಸೇರಿ, ಓದನ್ನು ನಡುವೆಯೇ ಬಿಟ್ಟು, ಕೊರಿಯಾ ಯುದ್ಧಕ್ಕೆ ಸೈನಿಕನಾಗಿ ಹೋದರು. ಅಲ್ಲಿಂದ ತಾಯಿಗೆ ಬರೆದ ಪತ್ರಗಳು ಬಹುಕಾಲದ ಮೇಲೆ, 1991ರಲ್ಲಿ, ಪುಸ್ತಕವಾಗಿ ಬಂದವು. ಯುದ್ಧದಿಂದ ಮರಳಿ ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಪದವಿ ಪಡೆದರು. 1956ರಲ್ಲಿ ರೋಸ್‌ಮೇರಿಯವರನ್ನು ಮದುವೆಯಾದರು, ಆ ಮದುವೆಯ ಸಂದರ್ಭದಲ್ಲಿ ಕ್ಯಾಥೊಲಿಕ್ ಧರ್ಮವನ್ನು ಸ್ವೀಕರಿಸಿದರು. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿ ಎಂಜಿನಿಯರಾಗಿದ್ದಾಗ, ಪ್ರಿಂಗಲ್ಸ್ ಎಂಬ ಆಲೂಗೆಡ್ಡೆ ಚಿಪ್ಸನ್ನು ತಯಾರಿಸುವ ಯಂತ್ರದಲ್ಲಿ ಬೇಯಿಸುವ ಭಾಗವನ್ನು ರೂಪಿಸಿದರು. ಅವರ ಬಗ್ಗೆ ಬರೆಯುವವರೆಲ್ಲ ಈ ಸಂಗತಿಯನ್ನು ತಪ್ಪದೆ ಹೇಳುತ್ತಾರೆ. ಕೆಲವರಂತೂ ಆ ತಿಂಡಿಯನ್ನೇ ಅವರು ಕಂಡುಹಿಡಿದರೆಂದು ಉತ್ಪ್ರೇಕ್ಷಿಸುತ್ತಾರೆ. 1972ರಿಂದ 1984ರವರೆಗೆ ‘ಪ್ಲಾಂಟ್ ಎಂಜಿನಿಯರಿಂಗ್’ ಎಂಬ ತಾಂತ್ರಿಕ ಪತ್ರಿಕೆಯ ಸಂಪಾದಕ ವರ್ಗದಲ್ಲಿದ್ದರು. ಅವರಿಗೆ ಕೀರ್ತಿ ತಂದ ಕೃತಿಗಳಲ್ಲಿ ಹಲವು ಈ ಹನ್ನೆರಡು ವರ್ಷಗಳಲ್ಲಿ, ಉದ್ಯೋಗದಿಂದ ಉಳಿದ ಸಮಯದಲ್ಲಿ ಬರೆದವು.

ಡೇಮನ್ ನೈಟ್ ಸಂಪಾದಿಸುತ್ತಿದ್ದ ‘ಆರ್ಬಿಟ್’ ಸಂಕಲನಮಾಲೆಯಲ್ಲಿ ಅವರ ಆರಂಭದ ಕಥೆಗಳು ಪ್ರಕಟವಾದವು. 1971ರ ನೆಬ್ಯುಲಾ ಪ್ರಶಸ್ತಿ ಸಮಾರಂಭದಲ್ಲಿ ನಡೆದ ಪ್ರಸಂಗವೊಂದು ವಿಜ್ಞಾನಕಥಾ ವಲಯದಲ್ಲಿ ಪ್ರಸಿದ್ಧ. ಸಣ್ಣಕಥಾ ವಿಭಾಗದಲ್ಲಿ ವುಲ್ಫ್ ಅವರ ‘ದಿ ಐಲೆಂಡ್ ಆಫ್ ಡಾಕ್ಟರ್ ಡೆತ್ ಅಂಡ್ ಅದರ್ ಸ್ಟೋರೀಸ್’ ಗೆದ್ದಿದೆಯೆಂದು ಅಸಿಮೋವ್ ಘೋಷಿಸಿದರು. ವುಲ್ಫ್ ಎದ್ದು ನಿಂತರು. ನಿಜವಾಗಿ ಆ ವಿಭಾಗದಲ್ಲಿ ‘ಯಾರಿಗೂ ಪ್ರಶಸ್ತಿಯಿಲ್ಲ’ ಎಂಬುದಕ್ಕೇ ಹೆಚ್ಚು ಮತಗಳು ಬಿದ್ದಿದ್ದವು. ಘೋಷಣೆಯನ್ನು ಅಲ್ಲಿಯೇ ಹಿಂತೆಗೆದುಕೊಳ್ಳಬೇಕಾಯಿತು. ಶೀರ್ಷಿಕೆಯ ಪದಗಳನ್ನು ತಿರುವುಮುರುವು ಮಾಡಿ ‘ದಿ ಡೆತ್ ಆಫ್ ಡಾಕ್ಟರ್ ಐಲೆಂಡ್’ ಎಂಬ ಬೇರೆಯದೇ ನೀಳ್ಗತೆಯನ್ನು ವುಲ್ಫ್ ಆಮೇಲೆ ಬರೆದರು. ಅದಕ್ಕೆ ನೆಬ್ಯುಲಾ ದೊರೆಯಿತು.

‘ದಿ ಫಿಫ್ತ್ ಹೆಡ್ ಆಫ್ ಸರ್ಬರಸ್’ (1972) ಮತ್ತು ‘ಪೀಸ್’ (1975) ಎಂಬ ಎರಡು ಕೃತಿಗಳಲ್ಲಿ ಮುಂದಿನ ಎಲ್ಲದರ ಬೀಜವಿದೆ. ಮೊದಲನೆಯದು ಅವಳಿ ಗ್ರಹಗಳಲ್ಲಿ ನೆಲೆಸಿದ ವಸಾಹತುಗಾರರ ಕಥೆ. ಅಲ್ಲಿನ ಮೂಲನಿವಾಸಿಗಳು ಯಾವ ರೂಪವನ್ನಾದರೂ ತಾಳಬಲ್ಲರೆಂಬ ಐತಿಹ್ಯವಿದೆ. ಹಾಗಿದ್ದಲ್ಲಿ ತಮ್ಮನ್ನು ಮನುಷ್ಯರೆಂದು ತಿಳಿದಿರುವವರು ನಿಜಕ್ಕೂ ಬಂದ ಮನುಷ್ಯರೋ, ಅವರನ್ನು ಕೊಂದು ಅವರ ರೂಪ ತಾಳಿ, ಕೊನೆಗೆ ತಮ್ಮ ಮೂಲವನ್ನೇ ಮರೆತವರೋ? ವಸಾಹತುಶಾಹಿಯನ್ನು ಕುರಿತು ಬಂದ ಎಷ್ಟೋ ನೇರ ಖಂಡನೆಗಳಿಗಿಂತ ಈ ಪ್ರಶ್ನೆ ಆಳವಾಗಿ ನಾಟುತ್ತದೆ. ‘ಪೀಸ್’ನಲ್ಲಿ ಅಮೆರಿಕದ ಸಣ್ಣ ಊರೊಂದರ ವೃದ್ಧನು ತನ್ನ ಬಾಳನ್ನು ನೆನೆಯುತ್ತಾನೆ. ಅವನು ಆಗಲೇ ಸತ್ತಿದ್ದಾನೆಂಬುದು, ಅವನು ಹೇಳದೆ ಬಿಟ್ಟ ಸಾವುಗಳು ಹಲವಿವೆಯೆಂಬುದು ಎರಡನೆಯ ಓದಿಗೆ ಮಾತ್ರ ತಿಳಿಯುತ್ತದೆ.

‘ದಿ ಬುಕ್ ಆಫ್ ದಿ ನ್ಯೂ ಸನ್’ ಮಾಲಿಕೆಯ ಹುಟ್ಟು ತಮಾಷೆಯದು. ಸಮ್ಮೇಳನವೊಂದರಲ್ಲಿ ವೇಷಭೂಷಣಗಳ ಗೋಷ್ಠಿಯನ್ನು ಕೇಳುತ್ತ ಕುಳಿತಿದ್ದ ವುಲ್ಫ್ ಅವರಿಗೆ, ತಮ್ಮ ಪಾತ್ರಗಳ ವೇಷವನ್ನು ಯಾರೂ ಧರಿಸುವುದಿಲ್ಲವಲ್ಲ ಎನಿಸಿತಂತೆ. ಸುಲಭವಾಗಿ ಹಾಕಬಹುದಾದ ವೇಷ ಯಾವುದು? ಬರಿಯ ಎದೆ, ಕಪ್ಪು ನಿಲುವಂಗಿ, ಮುಖವಾಡ, ಕೈಯಲ್ಲಿ ದೊಡ್ಡ ಖಡ್ಗ. ಹೀಗೆ ಯಾತನಾಕಾರ ಸೆವೆರಿಯನ್ ಮೂಡಿದನು. ನೀಳ್ಗತೆಯೆಂದು ಆರಂಭವಾದದ್ದು ಬೆಳೆಯುತ್ತ ನಾಲ್ಕು ಸಂಪುಟಗಳಾಯಿತು: ‘ದಿ ಶ್ಯಾಡೋ ಆಫ್ ದಿ ಟಾರ್ಚರರ್’ (1980), ‘ದಿ ಕ್ಲಾ ಆಫ್ ದಿ ಕನ್ಸಿಲಿಯೇಟರ್’ (1981), ‘ದಿ ಸೋರ್ಡ್ ಆಫ್ ದಿ ಲಿಕ್ಟರ್’, ‘ದಿ ಸಿಟಡೆಲ್ ಆಫ್ ದಿ ಆಟಾರ್ಕ್’. ಮೊದಲ ಸಂಪುಟ ಅಚ್ಚಾಗುವ ಮೊದಲೇ ಇಡೀ ಕಥೆಯ ಕರಡನ್ನು ಅವರು ಮುಗಿಸಿದ್ದರು. ಆದುದರಿಂದಲೇ ನಾಲ್ಕನೆಯ ಸಂಪುಟದ ಉತ್ತರಕ್ಕೆ ಮೊದಲನೆಯದರಲ್ಲಿ ಸದ್ದಿಲ್ಲದೆ ಪ್ರಶ್ನೆಯನ್ನಿಡುವುದು ಸಾಧ್ಯವಾಯಿತು. ಮೊದಲನೆಯದಕ್ಕೆ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ, ಎರಡನೆಯದಕ್ಕೆ ನೆಬ್ಯುಲಾ ಬಂದವು. ಕೊನೆಯ ಸಂಪುಟದ ಹೆಸರನ್ನು ‘ಲೋಕಸ್’ ಪತ್ರಿಕೆಯು ತಪ್ಪಾಗಿ ಕೇಳಿಸಿಕೊಂಡು ‘ದಿ ಕ್ಯಾಸಲ್ ಆಫ್ ದಿ ಆಟರ್’, ಅಂದರೆ ನೀರುನಾಯಿಯ ಕೋಟೆ, ಎಂದು ಪ್ರಕಟಿಸಿತು. ವುಲ್ಫ್ ಅದನ್ನು ತಿದ್ದುವ ಬದಲು, ಮಾಲಿಕೆಯ ರಚನೆಯನ್ನು ಕುರಿತ ತಮ್ಮ ಪ್ರಬಂಧಗಳ ಸಂಕಲನಕ್ಕೆ ಅದೇ ಹೆಸರಿಟ್ಟರು.

ಕಥೆ ನಡೆಯುವುದು ಬಹು ದೂರದ ಭವಿಷ್ಯದಲ್ಲಿ, ಸೂರ್ಯನು ಕೆಂಪಾಗಿ ನಂದುತ್ತಿರುವ ಅರ್ಥ್ ಎಂಬ ಲೋಕದಲ್ಲಿ; ಅದು ನಮ್ಮ ಭೂಮಿಯೇ. ಇಲ್ಲಿ ಜ್ಯಾಕ್ ವ್ಯಾನ್ಸ್ ಅವರ ‘ದಿ ಡೈಯಿಂಗ್ ಅರ್ಥ್’ ಕೃತಿಯ ಋಣವಿದೆ. ವುಲ್ಫ್ ಅದನ್ನು ಮುಚ್ಚಿಡಲಿಲ್ಲ. ಅವಸರ್ಪಿಣಿಯ ಕೊನೆಯ ಅರಗಳ ವರ್ಣನೆಯನ್ನು ಓದಿ ಬಲ್ಲವರಿಗೆ ಈ ಕುಗ್ಗಿದ ಲೋಕವು ಪರಿಚಿತವೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿನ ಕಾಲಚಕ್ರವು ತಾನಾಗಿ ತಿರುಗುವುದಿಲ್ಲ. ಒಬ್ಬ ವ್ಯಕ್ತಿಯು ಬಂದು ಅದನ್ನು ತಿರುಗಿಸಬೇಕು, ಅದಕ್ಕೆ ಬೆಲೆ ತೆರಬೇಕು. ಇದು ಕ್ರೈಸ್ತ ಕಲ್ಪನೆ. ಹೋಲಿಕೆಯನ್ನು ಅಷ್ಟಕ್ಕೇ ನಿಲ್ಲಿಸುವುದು ಒಳ್ಳೆಯದು.

ಭಾಷೆಯ ವಿಷಯದಲ್ಲಿ ವುಲ್ಫ್ ಅವರ ಉಪಾಯ ವಿಶಿಷ್ಟವಾದುದು. ಸೆವೆರಿಯನ್ನನ ಹಸ್ತಪ್ರತಿಯು ಇನ್ನೂ ಹುಟ್ಟಿಲ್ಲದ ಭಾಷೆಯಲ್ಲಿದೆ, ತಾವು ಅದರ ಅನುವಾದಕರು ಮಾತ್ರ ಎಂದು ಅವರು ಅನುಬಂಧದಲ್ಲಿ ಹೇಳುತ್ತಾರೆ. ಭವಿಷ್ಯದ ವಸ್ತುಗಳಿಗೆ ಹೊಸ ಪದಗಳನ್ನು ಟಂಕಿಸದೆ, ಗ್ರೀಕ್, ಲ್ಯಾಟಿನ್ ಮೂಲದ, ಬಳಕೆ ತಪ್ಪಿದ ನಿಜವಾದ ಪದಗಳನ್ನೇ ಹುಡುಕಿ ತಂದರು. ಪ್ರಾಣಿಗಳಿಗೆ ಅಳಿದುಹೋದ ಪ್ರಾಣಿಗಳ ಹೆಸರು. ಮನುಷ್ಯರಿಗೆ ಕ್ರೈಸ್ತ ಸಂತರ ಹೆಸರು. ಮೈಕೆಲ್ ಆಂಡ್ರೆ-ಡ್ರಿಯುಸಿ 1994ರಲ್ಲಿ ಈ ಮಾಲಿಕೆಗೆಂದೇ ‘ಲೆಕ್ಸಿಕನ್ ಅರ್ಥಸ್’ ಎಂಬ ನಿಘಂಟನ್ನು ಪ್ರಕಟಿಸಿದರು. ಹಳಗನ್ನಡ ಕಾವ್ಯವನ್ನು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿದ ವಿದ್ಯಾರ್ಥಿಗೆ ಈ ಅನುಭವ ಹೊಸದಲ್ಲ.

ಈ ಲೋಕದಲ್ಲಿ ಅದ್ಭುತವಾಗಿ ಕಾಣುವುದರ ಹಿಂದೆ ಬಹಳಷ್ಟು ಸಲ ಯಂತ್ರವಿದೆ. ಯಾತನಾಕಾರರ ಸಂಘವು ವಾಸಿಸುವ ಪ್ರಾಚೀನ ಗೋಪುರವು ವಾಸ್ತವವಾಗಿ ಹಾರದೆ ನಿಂತ ಅಂತರಿಕ್ಷ ನೌಕೆ. ಬಾಲಕ ಸೆವೆರಿಯನ್ ಹಳೆಯ ಚಿತ್ರವೊಂದನ್ನು ನೋಡುತ್ತಾನೆ: ಬರಡು ನೆಲ, ಕವಚ ತೊಟ್ಟ ಯೋಧ, ಅವನ ಮುಖದ ಮೇಲೆ ಹೊನ್ನಿನ ಬಣ್ಣದ ಗಾಜು. ಅದು ಚಂದ್ರನ ಮೇಲೆ ನಿಂತ ಗಗನಯಾತ್ರಿಯೆಂದು ಅವನಿಗೆ ತಿಳಿಯದು. ಓದುಗನಿಗೂ ಯಾರೂ ಹೇಳುವುದಿಲ್ಲ. ಅಸಿಯನ್ ಎಂಬ ಶತ್ರುಜನರ ಪ್ರಸಂಗ ಇನ್ನೂ ಸೊಗಸಾದುದು. ಅವರು ಸರ್ಕಾರವು ಅನುಮೋದಿಸಿದ ವಾಕ್ಯಗಳನ್ನಲ್ಲದೆ ಬೇರೇನನ್ನೂ ಆಡಲಾರರು. ಆದರೂ ಅವರಲ್ಲೊಬ್ಬ ಸೆರೆಯಾಳು ಆ ಸವಕಲು ಘೋಷಣೆಗಳನ್ನೇ ಜೋಡಿಸಿ, ನ್ಯಾಯಕ್ಕಾಗಿ ಹೋರಾಡಿದ ರೈತನೊಬ್ಬನ ಕಥೆಯನ್ನು ಹೇಳಿಬಿಡುತ್ತಾನೆ. ಭಾಷೆಯನ್ನು ಎಷ್ಟು ಬಿಗಿದು ಕಟ್ಟಿದರೂ ಕಥೆಯು ನುಸುಳಿಕೊಳ್ಳುತ್ತದೆ ಎಂಬುದನ್ನು ಜಾರ್ಜ್ ಆರ್ವೆಲ್ ಅವರಿಗೆ ಕೊಟ್ಟ ಉತ್ತರವೆಂದೇ ಓದಬಹುದು.

ಇನ್ನು ಮುಖ್ಯ ವಿಷಯ. ಸೆವೆರಿಯನ್ ಮಾಡುವ ಮೊದಲ ಅಪರಾಧ ದಯೆ. ಸೆರೆಯಲ್ಲಿದ್ದ ಥೆಕ್ಲಾ ಎಂಬ ಕುಲೀನ ಸ್ತ್ರೀಯನ್ನು ಅವನು ಪ್ರೀತಿಸುತ್ತಾನೆ. ಯಾತನೆಯು ಆರಂಭವಾದ ಮೇಲೆ, ಅವಳು ತನ್ನನ್ನು ತಾನು ಕೊಂದುಕೊಳ್ಳಲೆಂದು ಚಾಕುವೊಂದನ್ನು ಕೊಡುತ್ತಾನೆ. ಹಿಂಸೆಯೇ ಧರ್ಮವಾಗಿರುವ ಸಂಘದಲ್ಲಿ ಇದು ದ್ರೋಹ. ಅವನಿಗೆ ದೂರದ ಊರೊಂದರ ವಧಕಾರನಾಗಿ ಗಡೀಪಾರು. ಅಲ್ಲಿಯೂ ಕೊಲ್ಲಬೇಕಾದ ಹೆಣ್ಣೊಬ್ಬಳನ್ನು ಬಿಟ್ಟು ಓಡಿಹೋಗುತ್ತಾನೆ. ಈ ನಡುವೆ, ಮಾಲಿಕೆಯ ಅತ್ಯಂತ ಭೀಕರವಾದ ಅಧ್ಯಾಯದಲ್ಲಿ, ಅವನು ಥೆಕ್ಲಾಳ ಮಾಂಸವನ್ನು ವಿಶಿಷ್ಟ ಔಷಧವೊಂದರೊಡನೆ ತಿನ್ನುತ್ತಾನೆ. ಅದರಿಂದ ಅವಳ ನೆನಪುಗಳು ಅವನೊಳಗೆ ಸೇರುತ್ತವೆ. ಕ್ರೈಸ್ತರ ಪ್ರಭುಭೋಜನದ ಈ ವಿಕೃತ ಪ್ರತಿಬಿಂಬವನ್ನು ಬರೆದವರು ಶ್ರದ್ಧಾವಂತ ಕ್ಯಾಥೊಲಿಕ್ ಎಂಬುದನ್ನು ಮರೆಯಬಾರದು. ಮುಂದೆ ಕೆಲವೆಡೆ ‘ನಾನು’ ಎಂದವನು ಯಾತನಾಕಾರನೋ ಯಾತನೆಗೊಳಗಾದವಳೋ ಹೇಳುವುದು ಕಷ್ಟ. ಹಿಂಸಕನ ಸ್ಮೃತಿಯಲ್ಲದೆ ಹತಳಾದವಳಿಗೆ ಬೇರೆ ನೆಲೆಯಿಲ್ಲ. ವುಲ್ಫ್ ಇದನ್ನು ಪ್ರಾಯಶ್ಚಿತ್ತವೆಂದೂ ಕರೆಯುವುದಿಲ್ಲ, ಕಳ್ಳತನವೆಂದೂ ಕರೆಯುವುದಿಲ್ಲ.

ಇಂಥ ನಿರೂಪಕನು ತನಗೆ ಮರೆವಿಲ್ಲವೆಂದು ಆಣೆಯಿಡುತ್ತಾನೆ. ತನಗೆ ಸ್ವಲ್ಪ ಹುಚ್ಚಿರಬಹುದೆಂದೂ ಒಪ್ಪುತ್ತಾನೆ. ಸ್ಮೃತಿಯನ್ನು ಪ್ರಮಾಣವೆಂದು ಒಪ್ಪಿದ್ದು ಭಾರತೀಯ ದರ್ಶನಗಳಲ್ಲಿ ಜೈನ ತರ್ಕಶಾಸ್ತ್ರದ ವೈಶಿಷ್ಟ್ಯ. ಅಕಲಂಕನು ಅದನ್ನು ಪ್ರತ್ಯಭಿಜ್ಞೆ, ತರ್ಕ, ಅನುಮಾನ, ಆಗಮಗಳ ಜೊತೆಗೆ ಪರೋಕ್ಷ ಪ್ರಮಾಣದಲ್ಲಿ ಸೇರಿಸಿದನು. ಒಂದನ್ನು ಮತ್ತೊಂದೆಂದು ನೆನೆಯುವ ಸ್ಮರಣಾಭಾಸವನ್ನು ಮಾಣಿಕ್ಯನಂದಿಯು ‘ಪರೀಕ್ಷಾಮುಖ’ದಲ್ಲಿ ಬೇರೆ ಮಾಡಿ ತೋರಿಸಿದನು. ಸೆವೆರಿಯನ್ನನ ತೊಡಕು ಈ ಎರಡರಲ್ಲಿಯೂ ಅಡಗುವುದಿಲ್ಲ. ಅವನ ಸ್ಮೃತಿ ಸರಿಯಾಗಿಯೇ ಇರಬಹುದು. ಯಾವುದನ್ನು ಹೇಳಬೇಕು, ಎಲ್ಲಿ ಮೌನವಾಗಬೇಕು ಎಂಬ ಆಯ್ಕೆಯಲ್ಲಿ ಸುಳ್ಳು ಹೊಕ್ಕಿದೆ. ಅವನು ಪ್ರೀತಿಸಿದ ಡಾರ್ಕಸ್ ಎಂಬ ತರುಣಿಯು ನಿಜಕ್ಕೂ ಅವನಿಗೆ ಏನಾಗಬೇಕೆಂಬುದನ್ನು ಸಂಪುಟಗಳಲ್ಲಿ ಚದರಿದ ಸುಳಿವುಗಳಿಂದ ಓದುಗನೇ ಜೋಡಿಸಿಕೊಳ್ಳಬೇಕು. ಮಾಲಿಕೆಯ ಸ್ತ್ರೀಪಾತ್ರಗಳು ಪುರುಷನ ನೋಟದಲ್ಲಿಯೇ ಸಿಕ್ಕಿಕೊಂಡಿವೆ ಎಂಬ ಆಕ್ಷೇಪವೂ ಇಲ್ಲಿಯೇ ಏಳುತ್ತದೆ. ಅದು ಸೆವೆರಿಯನ್ನನ ದೋಷ, ಲೇಖಕರದಲ್ಲ ಎಂದು ಅಭಿಮಾನಿಗಳು ಸಮಾಧಾನ ಹೇಳುತ್ತಾರೆ. ಜೊಲೆಂಟಾಳ ಪಾತ್ರದ ಮಟ್ಟಿಗಾದರೂ ಆ ಸಮಾಧಾನ ಸಾಲದು.

1986ರಲ್ಲಿ ‘ಸೋಲ್ಜರ್ ಆಫ್ ದಿ ಮಿಸ್ಟ್’ ಎಂಬ ಕಾದಂಬರಿ ಬಂದಿತು. ಇದು ಸೌರಮಾಲಿಕೆಗೆ ಸೇರಿದ್ದಲ್ಲ, ಆದರೆ ಅದರ ಮಗ್ಗುಲಲ್ಲಿಟ್ಟು ಓದಬೇಕಾದದ್ದು. ಕ್ರಿ.ಪೂ. 479ರ ಗ್ರೀಸ್, ಪ್ಲಟಾಯಾ ಯುದ್ಧದಲ್ಲಿ ತಲೆಗೆ ಪೆಟ್ಟುಬಿದ್ದ ಲ್ಯಾಟ್ರೊ ಎಂಬ ಸೈನಿಕನಿಗೆ ದಿನದ ನೆನಪು ಮರುದಿನಕ್ಕೆ ಉಳಿಯದು. ಪ್ರತಿದಿನವೂ ಸುರುಳಿಯಲ್ಲಿ ಬರೆದಿಡುತ್ತಾನೆ, ಪ್ರತಿ ಬೆಳಗೂ ಅದನ್ನು ಓದಿ ತಾನಾರೆಂದು ತಿಳಿಯಬೇಕು. ಬರೆಯಲು ಬಿಡುವಾಗದ ದಿನಗಳು ಇಲ್ಲವಾಗಿ ಹೋಗುತ್ತವೆ. ಎಲ್ಲವನ್ನೂ ನೆನಪಿಟ್ಟವನನ್ನು ನಂಬಲಾಗದ ಓದುಗನು, ಏನೂ ನೆನಪಿಲ್ಲದ ಈ ಸೈನಿಕನನ್ನು ಸುಲಭವಾಗಿ ನಂಬುತ್ತಾನೆ.

ಸಂಪಾದಕ ಡೇವಿಡ್ ಹಾರ್ಟ್‌ವೆಲ್ ಅವರ ಒತ್ತಾಯದಿಂದ 1987ರಲ್ಲಿ ‘ದಿ ಅರ್ಥ್ ಆಫ್ ದಿ ನ್ಯೂ ಸನ್’ ಬಂದಿತು. ಕಲೆಯ ದೃಷ್ಟಿಯಿಂದ ಇದು ಅನಿವಾರ್ಯವಾಗಿರಲಿಲ್ಲ. ನಾಲ್ಕನೆಯ ಸಂಪುಟವೇ ಸರಿಯಾದ ಮುಕ್ತಾಯ. ನೈತಿಕ ದೃಷ್ಟಿಯಿಂದ ಮಾತ್ರ ಇದನ್ನು ಬಿಡಲಾಗದು. ಸೆವೆರಿಯನ್ ಹೊಸ ಸೂರ್ಯನನ್ನು ತರುತ್ತಾನೆ. ಅದರ ಸೆಳೆತದಿಂದ ಎದ್ದ ಪ್ರಳಯದಲ್ಲಿ ಹಳೆಯ ಲೋಕವೇ ಮುಳುಗುತ್ತದೆ. ಒಬ್ಬಳ ಯಾತನೆಯನ್ನು ಸಹಿಸಲಾರದೆ ಗಡೀಪಾರಾದವನು ಲೆಕ್ಕವಿಲ್ಲದಷ್ಟು ಜನರ ಸಾವಿಗೆ ಕಾರಣನಾಗುತ್ತಾನೆ. ವುಲ್ಫ್ ಇದನ್ನು ವಿಜಯವೆಂದು ಬರೆಯಲಿಲ್ಲ.

‘ದಿ ಬುಕ್ ಆಫ್ ದಿ ಲಾಂಗ್ ಸನ್’ ನಾಲ್ಕು ಸಂಪುಟಗಳಲ್ಲಿ 1993ರಿಂದ 1996ರವರೆಗೆ, ‘ದಿ ಬುಕ್ ಆಫ್ ದಿ ಶಾರ್ಟ್ ಸನ್’ ಮೂರು ಸಂಪುಟಗಳಲ್ಲಿ 1999ರಿಂದ 2001ರವರೆಗೆ ಬಂದವು. ಮೊದಲನೆಯದು ತಲೆಮಾರುಗಳಿಂದ ಸಾಗುತ್ತಿರುವ ಬೃಹತ್ ನೌಕೆಯ ಒಳಗಿನ ನಗರದಲ್ಲಿ ನಡೆಯುತ್ತದೆ. ಸಿಲ್ಕ್ ಎಂಬ ಬಡ ಅರ್ಚಕನು ತನ್ನ ದೇಗುಲವನ್ನು ಉಳಿಸಲು ಪಾತಕಿಯೊಬ್ಬನ ಮನೆಗೆ ಕನ್ನ ಹಾಕಲು ಹೊರಡುವಲ್ಲಿಂದ ಕಥೆಯ ಎಳೆ ಬಿಚ್ಚುತ್ತದೆ. ಪ್ರಥಮ ಪುರುಷದ ತಟಸ್ಥ ನಿರೂಪಣೆಯೆಂದು ತೋರುವ ಇದನ್ನು ಬರೆದವನು ಸಿಲ್ಕ್‌ನ ಶಿಷ್ಯ ಹಾರ್ನ್ ಎಂಬುದು ಕೊನೆಯಲ್ಲಿ ತಿಳಿಯುತ್ತದೆ. ಅಂದರೆ ಇದು ಗುರುಚರಿತ್ರೆ, ಅದರ ಭಕ್ತಿಯನ್ನು ಕಳೆದು ಓದಬೇಕು. ಎರಡನೆಯದರಲ್ಲಿ ಕಾಗದ ತಯಾರಿಸಿ ಬಾಳುತ್ತಿರುವ ಆ ಹಾರ್ನ್, ಕಳೆದುಹೋದ ಗುರುವನ್ನು ಹುಡುಕಿ ಹೊರಡುತ್ತಾನೆ. ಪಯಣದ ನಡುವೆ ಹಾರ್ನ್ ಸಾಯುತ್ತಾನೆ, ಅವನ ಚೇತನ ಸಿಲ್ಕ್‌ನ ದೇಹವನ್ನು ಸೇರುತ್ತದೆ. ಕಂಡವರೆಲ್ಲ ಅವನನ್ನು ಸಿಲ್ಕ್ ಎನ್ನುತ್ತಾರೆ. ಅವನೊಬ್ಬನೇ ತಾನು ಹಾರ್ನ್ ಎಂದು ಹಟ ಹಿಡಿದು ಬರೆಯುತ್ತ ಹೋಗುತ್ತಾನೆ. ಇಲ್ಲಿ ಸುಳ್ಳು ಬೇರೆಯವರನ್ನು ವಂಚಿಸಲು ಹುಟ್ಟಿದ್ದಲ್ಲ. ಒಪ್ಪಿಕೊಂಡರೆ ತಾನು ಸತ್ತೆನೆಂದು ಒಪ್ಪಬೇಕಾದೀತೆಂಬ ಭಯದ್ದು. ಹೆಚ್ಚಿನವರು ಮೊದಲ ನಾಲ್ಕು ಸಂಪುಟಗಳನ್ನು ಓದಿ ನಿಲ್ಲಿಸುವುದು ವಿಷಾದದ ಸಂಗತಿ. ಭಾವದ ಆಳದಲ್ಲಿ ಈ ಕೊನೆಯ ಮೂರು ಅವನ್ನು ಮೀರುತ್ತವೆ.

2012ನೆಯ ಸಾಲಿನ ಗ್ರ್ಯಾಂಡ್ ಮಾಸ್ಟರ್ ಗೌರವಕ್ಕೆ ವುಲ್ಫ್ ಆಯ್ಕೆಯಾದರು. ಆ ಹೊತ್ತಿಗೆ ರೋಸ್‌ಮೇರಿ ಆಲ್ಜೈಮರ್ ರೋಗದಿಂದ ಬಳಲುತ್ತಿದ್ದರು. 2013ರ ಡಿಸೆಂಬರಿನಲ್ಲಿ ತೀರಿಕೊಂಡರು. ಆಕೆಗೆ ತಮ್ಮ ಹೆಸರೂ ತಮ್ಮ ಮದುವೆಯಾದದ್ದೂ ಮರೆತುಹೋಗಿದ್ದ ಕಾಲವಿತ್ತು, ತಮ್ಮನ್ನು ಪ್ರೀತಿಸುತ್ತಿದ್ದೇನೆ ಎಂಬುದು ಮಾತ್ರ ಆಕೆಗೆ ನೆನಪಿತ್ತು ಎಂದು ವುಲ್ಫ್ ಸಂದರ್ಶನವೊಂದರಲ್ಲಿ ಹೇಳಿದ್ದಾರೆ. ಎರಡು ವರ್ಷಗಳ ಬಳಿಕ ಬಂದ ‘ಎ ಬಾರೋಡ್ ಮ್ಯಾನ್’ ಕಾದಂಬರಿಯ ನಾಯಕನು ಸತ್ತ ಲೇಖಕನೊಬ್ಬನ ಪ್ರತಿರೂಪ. ಆ ಲೇಖಕನ ನೆನಪುಗಳನ್ನು ತುಂಬಿಸಿ ಅವನನ್ನು ಗ್ರಂಥಾಲಯದ ಕಪಾಟಿನಲ್ಲಿ ಇರಿಸಲಾಗಿದೆ. ಬೇಕಾದವರು ಎರವಲು ಒಯ್ಯಬಹುದು, ಯಾರೂ ಒಯ್ಯದಿದ್ದರೆ ಅವನನ್ನು ಸುಟ್ಟುಹಾಕುತ್ತಾರೆ. ಇದರ ಮುಂದಿನ ಭಾಗ ‘ಇಂಟರ್‌ಲೈಬ್ರರಿ ಲೋನ್’ 2020ರಲ್ಲಿ ಪ್ರಕಟವಾಯಿತು. ವುಲ್ಫ್ ಅದಕ್ಕೆ ಹಿಂದಿನ ವರ್ಷದ ಏಪ್ರಿಲ್ 14ರಂದು, ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ ನಿಧನರಾಗಿದ್ದರು.